ಕಾಡುಹೋತದ ನೆತ್ತಿಗೆ ಒಂದು ಕಡ್ಡಿ ಸಿಗ್ನಲ್

"ಸ್ಪೀಡಂತೆ ಸ್ಪೀಡು! ನಿನ್ನ ಸ್ಪೀಡನ್ನ ಉಪ್ಪಿನಕಾಯಿ ಹಾಕ್ಕೊ, ಹೋಗು!"

ಸಾಯ್ರಾಷ್ ಮೇಜಿನ ಮೇಲೆ ಅಂಗೈ ಬಡಿದ ರಭಸಕ್ಕೆ ಚಹಾದ ಬಟ್ಟಲುಗಳು ಕುಣಿದವು. ಸಾರಿ-ಬುಲಾಕ್ ಹಳ್ಳಿಯ ಸಭಾಮನೆಯಲ್ಲಿ ಕೂತವರು ತಂತಮ್ಮ ಬಟ್ಟಲು ಹಿಡಿದು ಹಿಂದೆ ಸರಿದರು. ಆದರೆ ಅಕ್ಕನನ್ನು ಎಜೆ ಎಂದು ಕರೆಯುವ ಅವಳ ತಮ್ಮ ದೋರೋನ್ ಸುಮ್ಮನಿರುವ ಗಿರಾಕಿಯಲ್ಲ.

"ಎಜೆ, ಸ್ವಲ್ಪ ತಲೆ ಓಡಿಸು. ಸಂಜೆ ನಾಲ್ಕು ಮನೆಯವರು ಒಟ್ಟಿಗೆ ವೀಡಿಯೊ ಹಾಕಿದ್ರೆ ಸಾಕು, ಫೋನಲ್ಲಿ ಲೋಡಾಗೋ ಆ ಚಕ್ರ ಗಿರಗಿರ ತಿರುಗ್ತಾನೇ ಇರುತ್ತೆ. ಸ್ಕೂಲ್ ಮಕ್ಕಳ ಪಾಠ ಅರ್ಧಕ್ಕೇ ನಿಲ್ಲುತ್ತೆ. ಆ ಕಡೆಯವರು ನಕ್ಕಿದ್ದು ನಮಗೆ ಕಾಣೋಷ್ಟರಲ್ಲಿ ಅವರು ಅಳೋಕೆ ಶುರುಮಾಡಿರ್ತಾರೆ."

"ನಿಮಗೆ ಚಕ್ರನಾದ್ರೂ ತಿರುಗುತ್ತಲ್ಲೋ! ಮೇಲೆ ಜಾಯ್ಲೂನಲ್ಲಿ ತಿರುಗೋಕೆ ಚಕ್ರವೇ ಇಲ್ಲ. ಬೇಸಿಗೆ ಪೂರ್ತಿ ಅರ್ಧ ಹಳ್ಳಿ ಕುದುರೆ ಕುರಿ ಹೊಡ್ಕೊಂಡು ಆ ಹುಲ್ಲುಗಾವಲಲ್ಲೇ ಇರುತ್ತೆ. ಅಲ್ಲಿ ಫೋನು ಅಂದ್ರೆ ಟಾರ್ಚು, ಅಷ್ಟೇ. ಹಾಕಿಸಿದ ಡೇಟಾ ನಾವು ಕೆಳಗಿಳಿಯೋಷ್ಟರಲ್ಲಿ ಅವಧಿ ಮುಗಿದು ಸತ್ತಿರುತ್ತೆ. ಅನ್‌ಲಿಮಿಟೆಡ್ ಪ್ಯಾಕಂತೆ! ಎಲ್ಲಿ ಅನ್‌ಲಿಮಿಟೆಡ್ಡು? ನಿನ್ನ ಗೇಮ್ ಅಂಗಡಿ ಹೊಸ್ತಿಲ ತನಕ!"

ಜನ ಘೊಳ್ಳೆಂದು ನಕ್ಕರು. ಹಳ್ಳಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಹುಡುಗರಿಗೆ ಆಟ ಆಡಿಸುವ ದೋರೋನನ ಕಿವಿ ಕೆಂಪಾಯಿತು.

ಸಾಯ್ರಾಷ್‌ಳ ಸಿಟ್ಟಿಗೆ ಕಾರಣವಿತ್ತು. ಹೋದ ಸಲ ಅವಳ ಸೊಸೆ ಐಪೆರಿಗೆ ಜಾಯ್ಲೂನಲ್ಲೇ ಹೆರಿಗೆ ನೋವು ಬಂದಿತ್ತು. ವೈದ್ಯರನ್ನು ಕರೆಯಲು ಫೋನಿಲ್ಲ. ಕುದುರೆಯ ಮೇಲೆ ಕೂರಿಸಿಕೊಂಡು ಇಳಿಯುತ್ತಿದ್ದಾಗ ದಾರಿಬದಿಯ ಬಂಡೆಯ ಮರೆಯಲ್ಲಿ ಮಗು ಹುಟ್ಟಿತು. ಆ ಪೋರ ಈಗ ಕುಮಿಸ್, ಅಂದರೆ ಹುದುಗಿಸಿದ ಕುದುರೆಹಾಲು, ತುಂಬಿದ ಚರ್ಮದ ಚೀಲಗಳನ್ನು ಒದ್ದು ಬೀಳಿಸುವಷ್ಟು ಗಟ್ಟಿಯಾಗಿದ್ದಾನೆ, ಅದು ಬೇರೆ ಮಾತು. ಈಗ ಐಪೆರಿ ಮತ್ತೆ ಬಸುರಿ. ಮೇಲೆ ಫೋನ್ ಸಿಗದಿದ್ದರೆ ಅವಳನ್ನು ಕೆಳಗಿಳಿಸಿ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದ್ದರು. ಸೊಸೆ ಇಳಿದರೆ ಮಗನೂ ಇಳಿಯುತ್ತಾನೆ, ಮೊಮ್ಮಗನೂ ಇಳಿಯುತ್ತಾನೆ. ಮೂರು ಜನ ನಗುವ ಗುಡಾರದಲ್ಲಿ ಗಂಡನ ಗೊರಕೆಯೊಂದೇ ಉಳಿಯುತ್ತದೆ.

ಕಂಪನಿಯಿಂದ ಬಂದಿದ್ದ ಶೇರಾಲಿಯೆವ್ ಸಾಹೇಬರು ಕತ್ತಿನ ಟೈ ಸಡಿಲಿಸಿದರು. "ಈ ವರ್ಷ ಈ ಕಣಿವೆಗೆ ಒಂದೇ ಕೆಲಸ. ಒಂದೋ ಹಳ್ಳಿ ಟವರಿಗೆ ಸ್ಪೀಡು, ಇಲ್ಲವೋ ಕಾಡುಹೋತದ ನೆತ್ತಿ ಅಂತೀರಲ್ಲ, ಆ ಬೆಟ್ಟದ ತುದಿಯಲ್ಲಿ ಸಿಗ್ನಲ್ ದಾಟಿಸೋ ಪೆಟ್ಟಿಗೆ. ನಮ್ಮ ನಕಾಶೆ ಪ್ರಕಾರ ಆ ನೆತ್ತಿಯಿಂದ ಜಾಯ್ಲೂಗೆ ಸಿಗ್ನಲ್ ಬೀಳೋದೇ ಇಲ್ಲ."

"ನಿಮ್ಮ ನಕಾಶೆ ಯಾವತ್ತಾದ್ರೂ ಕುದುರೆ ಹತ್ತಿದ್ಯಾ?"

"ಸರಿ ತಾಯಿ. ಪರೀಕ್ಷೆ ಪೆಟ್ಟಿಗೆ ಕೊಡ್ತೀನಿ, ಎಂಜಿನಿಯರನ್ನೂ ಕೊಡ್ತೀನಿ. ನಾಳೆ ಮಧ್ಯಾಹ್ನದೊಳಗೆ ಜಾಯ್ಲೂನಿಂದ ನನಗೊಂದು ಕರೆ ಬರಲಿ. ಬಂದರೆ ನೆತ್ತಿಗೆ ಪೆಟ್ಟಿಗೆ. ಬರದಿದ್ದರೆ ಹಳ್ಳಿಗೆ ಸ್ಪೀಡು."

"ನಾನೂ ಹೋಗ್ತೀನಿ," ಅಂದ ದೋರೋನ್. "ನಮ್ಮ ಕಡೆಯಿಂದ ಸಾಕ್ಷಿ."

"ಬಾ. ನಿನ್ನ ಹೊಟ್ಟೆನಾದ್ರೂ ಕರಗುತ್ತೆ."

ಎಂಜಿನಿಯರ್ ಅಂದರೆ ಬಿಷ್ಕೆಕ್‌ನ ಹುಡುಗಿ ಅಡಿನಾಯ್. ಕುದುರೆ ಹತ್ತುವಾಗ ಅದರ ಕಿವಿ ಹಿಡಿದುಕೊಂಡಳು. ಸಾಯ್ರಾಷ್ ತಲೆ ಚಚ್ಚಿಕೊಂಡು, ಪೆಟ್ಟಿಗೆಯನ್ನು ಹುಡುಗಿಯ ಮುಂದೆ ಕಟ್ಟಿ, ಬಿಸಿಲಿನಿಂದ ಕರೆಂಟು ಮಾಡುವ ಫಲಕವನ್ನೂ ಕಂಬವನ್ನೂ ದೋರೋನನ ಬೆನ್ನಿಗೆ ಹೇರಿದಳು. ಬ್ಯಾಟರಿ, ತಂತಿ, ಮೊಳೆ ಎಲ್ಲವನ್ನೂ ಎದುರಿಗೆ ನಿಂತಿದ್ದ ಬೂದು ಹೆಣ್ಣುಕುದುರೆಯ ಮೇಲೆ ಬಿಗಿದಳು. ಬೆಳಿಗ್ಗೆ ಕುಮಿಸ್ ಹೊತ್ತು ಜಾಯ್ಲೂನಿಂದ ಇಳಿದು ಬಂದಿದ್ದ ಕುದುರೆ ಅದು.

ಸಿಟ್ಟಿನಲ್ಲಿ ಮಾಡಿದ ಕೆಲಸ. ಸಿಟ್ಟಿಲ್ಲದಿದ್ದರೆ ಮಾಡುತ್ತಿರಲಿಲ್ಲ.

ಕಣಿವೆ ಮೇಲೇರಿದಂತೆ ಕಿರಿದಾಯಿತು. ಎರಡೂ ಕಡೆ ಸ್ಪ್ರೂಸ್ ಮರಗಳು ಈಟಿಗಳ ಹಾಗೆ ನೆಟ್ಟಗೆ ನಿಂತಿದ್ದವು. ಅವುಗಳ ಬುಡದಲ್ಲಿ ಕರಗದ ಹಿಮ ಮಾಸಿದ ಬಟ್ಟೆಯಂತೆ ಬಿದ್ದಿತ್ತು. ಮರಗಳು ಮುಗಿದಲ್ಲಿ ನೆಲಕ್ಕೆ ಹಬ್ಬಿದ ಅರ್ಚಾ ಪೊದೆ, ಬಿಸಿಲಿಗೆ ಕಾದ ಅದರ ಘಮ. ಬಿಲದ ಬಾಯಲ್ಲಿ ನಿಂತ ದಪ್ಪ ಅಳಿಲಿನಂಥ ಮಾರ್ಮಟ್‌ಗಳು ಸಿಳ್ಳೆ ಹೊಡೆದು ಒಂದಕ್ಕೊಂದು ಸುದ್ದಿ ಮುಟ್ಟಿಸಿದವು.

"ಇವುಕ್ಕೆ ನೆಟ್‌ವರ್ಕ್ ಚೆನ್ನಾಗಿದೆ," ಅಂದಳು ಅಡಿನಾಯ್.

ಸಾಯ್ರಾಷ್‌ಗೆ ಹುಡುಗಿ ಮೊದಲ ಸಲ ಹಿಡಿಸಿದಳು.

ಹೊಳೆಗೆ ಬಂದಾಗ ಹೊತ್ತು ಇಳಿದಿತ್ತು. ಹಿಮಗಡ್ಡೆಯಿಂದ ಬರುವ ಹೊಳೆ. ಬೆಳಿಗ್ಗೆ ಮೊಣಕಾಲುದ್ದ, ಸಂಜೆಗೆ ಕುದುರೆಯ ಎದೆಯುದ್ದ. ತಿಳಿದವರು ಆ ಹೊತ್ತಿನಲ್ಲಿ ಇಳಿಯುವುದಿಲ್ಲ.

"ಎಜೆ, ಬೆಳಿಗ್ಗೆ ದಾಟೋಣ."

"ಬೆಳಿಗ್ಗೆ ದಾಟಿದ್ರೆ ಮಧ್ಯಾಹ್ನಕ್ಕೆ ನೆತ್ತಿ ಮುಟ್ಟಲ್ಲ. ಅದೇ ಬೇಕಲ್ವಾ ನಿನಗೆ? ಇಳೀ!"

ಇಳಿದರು.

ನಡುಹೊಳೆಯಲ್ಲಿ ಅಡಿನಾಯ್‌ಳ ಕುದುರೆ ಜಾರಿತು. ಬೂದು ನೀರು ಜೀನಿನ ಮೇಲೆ ಹರಿಯಿತು. ಹುಡುಗಿ ಪಕ್ಕಕ್ಕೆ ಉರುಳಿದಳು. ಪೆಟ್ಟಿಗೆಯ ಹಗ್ಗ ಬಿಚ್ಚಿತು.

"ಪೆಟ್ಟಿಗೆ ಬಿಡು! ಕುದುರೆ ಹಿಡ್ಕೋ!"

"ಬಿಡಲ್ಲ!"

ಸಾಯ್ರಾಷ್ ತನ್ನ ಕುದುರೆಯನ್ನು ಅಡ್ಡ ನುಗ್ಗಿಸಿದಳು. ಹುಡುಗಿಯ ಕೊರಳಪಟ್ಟಿ ಕೈಗೆ ಸಿಕ್ಕಿತು. ಎಳೆದಳು. ಕುರಿಯನ್ನು ಎತ್ತಿ ಹಾಕುವಂತೆ ತನ್ನ ಜೀನಿಗೆ ಅಡ್ಡಹಾಕಿಕೊಂಡಳು. ಆಚೆ ದಡದಲ್ಲಿ ನೋಡಿದರೆ ಅಡಿನಾಯ್ ತುಟಿ ನೀಲಿಯಾಗಿ ನಡುಗುತ್ತಿದ್ದಾಳೆ, ಪೆಟ್ಟಿಗೆ ಮಾತ್ರ ಎದೆಗೆ ಅಂಟಿಕೊಂಡಿದೆ.

"ಹುಚ್ಚು ಮುಂಡೇದೆ! ಬಿಡು ಅಂದ್ನಲ್ಲ!"

"ಬಿಟ್ಟಿದ್ರೆ ನೀವು ನನ್ನ ಸುಮ್ಮನೆ ಬಿಡ್ತಿದ್ರಾ, ಎಜೆ?"

ದೋರೋನ್ ನಗುತ್ತ ನಗುತ್ತ ದಡದ ಮೇಲೆ ಕೂತುಬಿಟ್ಟ.

ಕುರುಬರು ಕಟ್ಟಿದ ಕಲ್ಲುಗೋಡೆಯ ಮರೆಯಲ್ಲಿ ಬೆಂಕಿ ಹಾಕಿ, ಬ್ರೆಡ್ಡು, ಕುರಿಕೊಬ್ಬು, ಬಿಸಿ ಚಹಾ ಹೊಟ್ಟೆಗೆ ಇಳಿಸಿ ಮಲಗಿದರು. ಬೂದು ಕುದುರೆ ಮಾತ್ರ ಮಲಗಲಿಲ್ಲ. ಹುಲ್ಲನ್ನೂ ಮುಟ್ಟಲಿಲ್ಲ.

"ಎಜೆ, ಆ ಕುದುರೆ ಕಣ್ಣೆಲ್ಲ ಮೇಲ್ಗಡೆನೇ ಇದೆ," ಅಂದ ದೋರೋನ್.

"ಗೇಮ್ ಅಂಗಡಿಯವನಿಗೆ ಕುದುರೆ ಕಣ್ಣು ಏನು ಗೊತ್ತಾಗುತ್ತೆ? ಮಲ್ಕೋ."

ಬೆಳಿಗ್ಗೆ ಗೊತ್ತಾಯಿತು. ದಾರಿ ಕವಲೊಡೆಯುವ ಜಾಗ. ಎಡಕ್ಕೆ ಹೋದರೆ ನೆತ್ತಿ, ಬಲಕ್ಕೆ ಜಾಯ್ಲೂ. ಬೂದು ಕುದುರೆ ಒಮ್ಮೆ ಕಿವಿ ನಿಮಿರಿಸಿತು. ತಲೆ ಕೊಡವಿತು. ಹಗ್ಗ ಕಿತ್ತುಕೊಂಡು, ಬ್ಯಾಟರಿ ತಂತಿ ಮೊಳೆಗಳ ಸಮೇತ, ಬಲದಾರಿಯಲ್ಲಿ ದಡಬಡನೆ ಓಡಿತು!

ಆಗ ಹೊಳೆಯಿತು ಸಾಯ್ರಾಷ್‌ಗೆ. ಅದು ಹಾಲು ಕೊಡುವ ಕುದುರೆ. ಅದರ ಮರಿ ಜಾಯ್ಲೂನಲ್ಲಿ ಗುಡಾರದ ಮುಂದೆ ಹಗ್ಗಕ್ಕೆ ಕಟ್ಟಿದೆ. ಕೆಚ್ಚಲು ಬಿಗಿದ ತಾಯಿಯನ್ನು ರಾತ್ರಿಯೆಲ್ಲ ಹೊರಗಿಟ್ಟರೆ ಇನ್ನೇನಾಗುತ್ತದೆ? ಜಾಯ್ಲೂನ ಕೂಸುಗಳಿಗೂ ಗೊತ್ತಿರುವ ವಿಷಯ.

"ಎಜೆ!" ದೋರೋನನಿಗೆ ಉಸಿರು ಕಟ್ಟುವಷ್ಟು ನಗು. "ಮರಿ ಇರೋ ಕುದುರೆ ತಂದಿದ್ದೀಯಾ? ನೀನು ಹುಟ್ಟಿದ್ದು ಪಟ್ಟಣದಲ್ಲಾ?"

"ಬಾಯಿ ಮುಚ್ಚು!"

"ಬ್ಯಾಟರಿ ಇಲ್ಲದಿದ್ರೂ ನಡೆಯುತ್ತೆ," ಎಂದಳು ಅಡಿನಾಯ್, ಆಕಾಶ ನೋಡುತ್ತ. "ಬಿಸಿಲು ಇರೋವರೆಗೆ."

ಪಶ್ಚಿಮದಲ್ಲಿ ಮೋಡವೊಂದು ಹಿಮಶಿಖರದ ಹಿಂದಿನಿಂದ ಇಣುಕುತ್ತಿತ್ತು. ಮೂವರೂ ಕುದುರೆಗಳಿಗೆ ಹಿಮ್ಮಡಿ ಒತ್ತಿದರು.

ಕೊನೆಯ ಏರು ಸಡಿಲ ಕಲ್ಲಿನದು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ. ಕುದುರೆಗಳನ್ನು ಬಿಟ್ಟು ಕೈಕಾಲು ಊರಿ ಹತ್ತಿದರು. ದೋರೋನ್ ಫಲಕವನ್ನು ಆಮೆಯ ಚಿಪ್ಪಿನಂತೆ ಬೆನ್ನಿಗೆ ಕಟ್ಟಿಕೊಂಡು ಏದುಸಿರು ಬಿಡುತ್ತಿದ್ದ. ಮೇಲಿಂದ ಕಲ್ಲು ಉರುಳಿದಾಗಲೆಲ್ಲ ಸ್ಪೀಡಿನ ಹೆಸರು ಹಿಡಿದು ಬೈಯುತ್ತಿದ್ದ.

ನೆತ್ತಿ! ಒಂದು ಕಡೆ ಹಳ್ಳಿ, ಬಂಗಾರದ ಬಣ್ಣದ ಬಾರ್ಲಿ ಹೊಲಗಳ ನಡುವೆ ಉಗುರಿನಷ್ಟು. ಇನ್ನೊಂದು ಕಡೆ ಜಾಯ್ಲೂ: ಹಸಿರು ಬೋಗುಣಿ, ಅದರ ತಳದಲ್ಲಿ ಬಿಳಿ ಗುಡಾರಗಳು, ಒಲೆಯ ಹೊಗೆ, ಹಸಿರಿನ ಮೇಲೆ ಚೆಲ್ಲಿದ ಜೋಳದಂತೆ ಕುರಿಗಳು. ಎರಡನ್ನೂ ಒಟ್ಟಿಗೆ ನೋಡಬಹುದಾದ ಜಾಗ ಅದೊಂದೇ. ಸಾಯ್ರಾಷ್ ಒಂದು ಗಳಿಗೆ ಸಿಟ್ಟನ್ನೇ ಮರೆತಳು.

ಗಾಳಿ ಮರೆಯಲು ಬಿಡಲಿಲ್ಲ. ಕಂಬ ನಿಲ್ಲಿಸಿದರೆ ಬೀಳಿಸಿತು. ಬಿಗಿಯುವ ತಂತಿ ಕುದುರೆಯ ಜೊತೆ ಹೋಗಿತ್ತು.

"ಗುಡಾರ ಕಟ್ಟೋ ಹಾಗೆ ಕಟ್ಟೋದು! ದೋರೋನ್, ಕಲ್ಲು ತಾ!"

ಜೀನಿನಿಂದ ತಂದಿದ್ದ ಕುದುರೆಗೂದಲ ಹಗ್ಗವನ್ನು ಮೂರು ಕಡೆ ಎಳೆದು ಬಂಡೆಗಳಿಗೆ ಸುತ್ತಿದಳು. ಚೀಲಕ್ಕೆ ಕಲ್ಲು ತುಂಬಿ ಕಂಬಕ್ಕೆ ನೇತುಹಾಕಿದಳು. ಬಿರುಗಾಳಿಯಲ್ಲಿ ಗುಡಾರ ಹಾರದಂತೆ ಮಾಡುವ ಕಟ್ಟು. ಕಂಬ ನಡುಗಿತು, ಬಾಗಿತು, ನಿಂತಿತು. ಅಡಿನಾಯ್ ಪ್ರಪಾತದ ಮೇಲೆ ಚಾಚಿದ ಬಂಡೆಗೆ ಹೊಟ್ಟೆ ಒತ್ತಿ ತೆವಳಿ, ಆಂಟೆನಾವನ್ನು ಜಾಯ್ಲೂ ಕಡೆ ತಿರುಗಿಸಿದಳು. ಸಾಯ್ರಾಷ್ ಅವಳ ಬೂಟುಗಳನ್ನು ಅಪ್ಪಿ ಕೂತಿದ್ದಳು.

ಪೆಟ್ಟಿಗೆಯಲ್ಲಿ ಹಸಿರು ದೀಪ ಹೊತ್ತಿತು.

ಕೆಳಗೆ ಗುಡಾರದ ಕಂಬಕ್ಕೆ ನೇತುಹಾಕಿದ್ದ ಐಪೆರಿಯ ಫೋನು, ತಿಂಗಳಿಂದ ಬರದಿದ್ದ ಸಂದೇಶಗಳನ್ನೆಲ್ಲ ಒಂದೇ ಉಸಿರಿಗೆ ಕಕ್ಕುತ್ತ ಬುಸುಗುಟ್ಟಿ ಅಲುಗಾಡಿತಂತೆ. ಹಾವೇ ಬಂತೆಂದು ಅವಳು ಸೌಟು ಎತ್ತಿಕೊಂಡಳಂತೆ. ಇದು ಆಮೇಲೆ ತಿಳಿದದ್ದು. ಆ ಹೊತ್ತಿಗೆ ಸಾಯ್ರಾಷ್ ಸೊಸೆಗೆ ಫೋನು ಹಚ್ಚಿದಾಗ ನೆತ್ತಿಯ ಮೇಲೆ ಕೇಳಿದ್ದು, ಅತ್ತೆಯನ್ನು ಕೂಗುವ ದನಿಯೊಂದೇ:

"ಅಪಾ? ಅಪಾ! ಬದುಕಿದ್ದೀರಾ? ಬೂದು ಕುದುರೆ ಒಂಟಿಯಾಗಿ ಬಂತು! ಗಂಡಸರೆಲ್ಲ ನಿಮ್ಮನ್ನ ಹುಡುಕೋಕೆ ಹೊರಟ್ರು!"

"ಬದುಕಿದ್ದೀನಿ ಕಣೇ! ಕಿವಿ ಕೊಡು, ಸಾಹೇಬ್ರು ಮಾತಾಡ್ತಾರೆ!"

ಅಡಿನಾಯ್ ಹಳ್ಳಿಯ ಸಭಾಮನೆಗೂ ಕರೆ ಸೇರಿಸಿ, ಫೋನನ್ನು ಎಲ್ಲರಿಗೂ ಕೇಳುವಂತೆ ಹಿಡಿದಳು.

"ಶೇರಾಲಿಯೆವ್ ಮಾತಾಡ್ತಿದ್ದೀನಿ. ಪುರಾವೆಗೆ ಬೇಕಮ್ಮ. ನೀವ್ಯಾರು? ಯಾರ ಗುಡಾರ?"

"ನಾನು ಐಪೆರಿ. ನಮ್ಮ ಮಾವನವರ ಗುಡಾರ."

"ಮಾವನ ಹೆಸರು?"

ಮೌನ.

ಸಾಯ್ರಾಷ್‌ಳ ಕೈ ಹಣೆಗೆ ಹೋಯಿತು. ಮಾವನ ಹೆಸರನ್ನು ಯಾವ ಸೊಸೆ ಬಾಯಿಬಿಟ್ಟು ಹೇಳುತ್ತಾಳೆ? ಬೆಂಕಿ ಮುಟ್ಟು ಎಂದರೆ ಮುಟ್ಟಿಯಾಳು.

"ಹಲೋ? ಹಲೋ? ಕೇಳಿಸ್ತಿಲ್ಲ. ಲೈನ್ ಕಟ್ಟಾಗ್ತಿದೆ," ಅಂದರು ನಗರದಲ್ಲಿ ಬೆಳೆದ ಸಾಹೇಬರು.

"ಕಟ್ಟಾಗಿಲ್ಲ!" ಐಪೆರಿಯ ದನಿ ಅಳುವಂತಾಯಿತು. "ಅವ್ರು... ಉದ್ದ ಮೀಸೆ. ಕೆಂಪು ಕುದುರೆ ಹತ್ತುತ್ತಾರೆ. ಗೊರಕೆ ಹೊಡೀತಾರೆ!"

ಸಭಾಮನೆಯಲ್ಲಿ ನಗೆಯೋ ನಗೆ. "ನಾನು ಹೇಳ್ತೀನಿ ಸಾಹೇಬ್ರೇ," ಅಂದದ್ದು ಊರಿನ ಹಿರಿಯ.

"ಇಲ್ಲ ಅಕ್ಸಕಾಲ್. ಮೇಲಿಂದಲೇ ಬರಬೇಕು. ಬರದಿದ್ದರೆ ಲೈನ್ ಸರಿಯಿಲ್ಲ ಅಂತಲೇ ಲೆಕ್ಕ."

ಮೋಡದ ಅಂಚು ಸೂರ್ಯನನ್ನು ಮುಟ್ಟಿತು. ಹಸಿರು ದೀಪ ಮಿಣುಕಿತು.

"ಎಜೆ, ನೀವೇ ಹೇಳಿ! ನಿಮ್ಮ ಗಂಡ ತಾನೇ?" ಎಂದಳು ಅಡಿನಾಯ್.

ಸಾಯ್ರಾಷ್ ಬಾಯಿ ತೆರೆದಳು. ಇಡೀ ಜಿಲ್ಲೆಯನ್ನು ಸಾಲಾಗಿ ನಿಲ್ಲಿಸಿ ಬೈಯಬಲ್ಲ ಬಾಯಿ ಅದು. ಮದುವೆಯಾದಾಗಿನಿಂದ ಆ ಒಂದು ಹೆಸರನ್ನು ಮಾತ್ರ ಅದು ಆಡಿರಲಿಲ್ಲ. ನಾಲಿಗೆ ಅಂಗುಳಕ್ಕೆ ಅಂಟಿತು. ಅವಳು ತಮ್ಮನ ಕಡೆ ನೋಡಿದಳು.

ದೋರೋನ್ ಮೋಡ ನೋಡುತ್ತಿದ್ದ. ಇನ್ನೆರಡು ಉಸಿರು ಸುಮ್ಮನಿದ್ದರೆ ಸಾಕು, ಸ್ಪೀಡು ಅವನದು. ಫೋನಿನಲ್ಲಿ ಐಪೆರಿ ಬಿಕ್ಕುವುದು ಪಕ್ಕದಲ್ಲೇ ಕೂತಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು.

"ಥತ್!" ಎಂದು ಅವನು ಫೋನು ಕಿತ್ತುಕೊಂಡ. "ಓಮುರ್ಜಾಕ್! ನಮ್ಮ ಭಾವನ ಹೆಸರು ಓಮುರ್ಜಾಕ್! ಬರ್ಕೊಳ್ಳಿ! ಸೊಸೆಯಾದವಳು ಮಾವನ ಹೆಸರು ಹೇಳಲ್ಲ, ಲೈನಿಗೇನೂ ಆಗಿಲ್ಲ! ಅವಳು ಮೂಗು ಸೀಟಿದ್ದೂ ಕೇಳಿಸ್ತಿದೆ. ಸ್ಪೀಡ್ ಕಡೆ ಸಾಕ್ಷಿ ಹೇಳ್ತಿದ್ದೀನಿ!"

"ಕೇಳಿಸಿತು," ಎಂದರು ಸಾಹೇಬರು. "ಬರ್ಕೊಂಡೆ."

ಮೋಡ ಮುಚ್ಚಿತು. ದೀಪ ಆರಿತು.

ಅಷ್ಟರಲ್ಲಿ ಸಡಿಲಗಲ್ಲಿನ ಮೇಲೆ ಉದ್ದ ಮೀಸೆಯ ಮುಖವೊಂದು ಏದುಸಿರು ಬಿಡುತ್ತ ಮೂಡಿತು. ಹೆಗಲ ಮೇಲೆ ಬ್ಯಾಟರಿ.

"ಯಾರು ನನ್ನ ಹೆಸರು ಕೂಗಿದ್ದು?"

ಸಾಯ್ರಾಷ್ ನಕ್ಕಳು. ಮಾರ್ಮಟ್‌ಗಳು ಬಿಲಕ್ಕೆ ಓಡುವಷ್ಟು ಜೋರಾಗಿ ನಕ್ಕಳು. ಬ್ಯಾಟರಿ ಜೋಡಿಸಿದ ಮೇಲೆ ಹಸಿರು ದೀಪ ಮತ್ತೆ ಆರಲಿಲ್ಲ.

ಇಳಿಯುವಾಗ ಅಡಿನಾಯ್ ಕುದುರೆಯ ಕಿವಿ ಹಿಡಿಯಲಿಲ್ಲ. ಹೊಳೆ ತುಂಬಿ ಹರಿಯುತ್ತಿತ್ತು. ಈ ಸಲ ಸಾಯ್ರಾಷ್ ಹಟ ಮಾಡದೆ, ನೀರು ಹರಡಿ ಹರಿಯುವ ಮೇಲಿನ ಮಗ್ಗುಲಿಗೆ ಸುತ್ತಿಕೊಂಡು ಹೋಗಿ ದಾಟಿಸಿದಳು. ಮಂಡಿ ತರಚಿ, ಮುಖ ಬಿಸಿಲಿಗೆ ಸುಟ್ಟು, ಮೂವರೂ ಸಂಜೆ ಬೆಳಕಿರುವಾಗಲೇ ಹಳ್ಳಿ ಮುಟ್ಟಿದರು. ಸಭಾಮನೆಯಲ್ಲಿ ಕುರಿ ಬೆಂದಿತ್ತು. ಶೇರಾಲಿಯೆವ್ ಸಾಹೇಬರು ಎದ್ದು ನಿಂತು, "ಪೆಟ್ಟಿಗೆ ನೆತ್ತಿಯ ಮೇಲೇ ಇರುತ್ತೆ," ಎಂದು ಎಲ್ಲರೆದುರು ಸಹಿ ಹಾಕಿದರು. ಅಡಿನಾಯ್ ಪಕ್ಕದಲ್ಲೇ ನಿಂತು, ಡೇಟಾದ ಅವಧಿ ಬೇಸಿಗೆ ಮುಗಿಯುವ ತನಕ ಇರಲಿ ಅಂತಲೂ ಬರೆಯಿರಿ ಎಂದು ಪಟ್ಟು ಹಿಡಿದು ಬರೆಸಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದೋರೋನನ ಗೆಳೆಯರ ಹೊಟ್ಟೆಯುರಿ ಮುಗಿದಿರಲಿಲ್ಲ.

"ಒಂದು ಕಡ್ಡಿ ಸಿಗ್ನಲ್ ಇಟ್ಕೊಂಡು ಏನು ಮಾಡ್ತೀಯ ಸಾಯ್ರಾಷ್?" ಎಂದನೊಬ್ಬ. "ಒಂದು ಫೋಟೋ ಹೋಗೋಷ್ಟರಲ್ಲಿ ಅದರಲ್ಲಿರೋ ಕುರಿಗೆ ಮುಪ್ಪು ಬಂದಿರುತ್ತೆ!"

"ಬರಲಿ. ಕುರಿ ಅಲ್ಲೇ ಇರುತ್ತೆ, ನಾನೂ ಅಲ್ಲೇ ಇರ್ತೀನಿ."

"ಹಾಗಲ್ಲ, ಸ್ಪೀಡು ಅಂದ್ರೆ..." ಎಂದು ಇನ್ನೊಬ್ಬ ಶುರುಮಾಡಿದ. ಮತ್ತೊಬ್ಬ ಸೇರಿದ. ಎಲ್ಲರೂ ಒಟ್ಟಿಗೆ ಕೂಗತೊಡಗಿದರು. ಸಾಯ್ರಾಷ್ ತನ್ನ ಪಾಲಿನ ಮಾಂಸವನ್ನು ಬ್ರೆಡ್ಡಿನಲ್ಲಿ ಸುತ್ತಿ ಜೇಬಿಗಿಟ್ಟಳು. "ನೀವು ಕಚ್ಚಾಡ್ತಿರಿ," ಎಂದು ಎದ್ದು ಬಾಗಿಲು ದಾಟಿದಳು.

ಗಾಳಿಗೆ ಹೋಗಿದ್ದಾಳೆ, ಬರುತ್ತಾಳೆ ಎಂದುಕೊಂಡರು. ಅವಳ ಬಟ್ಟಲಿನ ಚಹಾ ಆರಿತು. ಮತ್ತೆ ತುಂಬಿದರು, ಅದೂ ಆರಿತು.

"ಫೋನ್ ಮಾಡಿ ಕರೀರಪ್ಪಾ," ಎಂದ ಅಕ್ಸಕಾಲ್.

ದೋರೋನ್ ಮಾಡಿದ. ಕಿವಿಗೆ ಹಿಡಿದು ಕಾದ. ಮತ್ತೆ ಮಾಡಿದ. ಆಮೇಲೆ ಎದ್ದು ಹೊರಗೆ ಹೋಗಿ ನೋಡಿದ. ಗೂಟದಲ್ಲಿ ಅಕ್ಕನ ಕುದುರೆ ಇರಲಿಲ್ಲ. ದೂರದ ಏರಿನಲ್ಲಿ, ಮರಗಳು ಶುರುವಾಗುವಲ್ಲಿ, ಅಕ್ಕ ಜಾಯ್ಲೂ ದಾರಿ ಹಿಡಿದಿದ್ದಳು: ಒಂದು ಕೈಯಲ್ಲಿ ಲಗಾಮು, ಇನ್ನೊಂದು ಕೈಯಲ್ಲಿ ಕಿವಿಗೆ ಒತ್ತಿದ ಫೋನು.

"ಏನಂತೆ?" ಒಳಗಿನಿಂದ ಯಾರೋ ಕೇಳಿದರು.

"ಬಿಜಿ ಇದಾಳೆ," ಅಂದ ದೋರೋನ್.