ಖಾಲಿಯಿರಬೇಕಾದ ಮೆಮೊರಿ

ಇದು ಇಬಾದಾನ್ ಊರಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನಡುಮಧ್ಯಾಹ್ನ ನಡೆದದ್ದು.

ಸಿನಿಮಾ ಎಡಿಟ್ ಮಾಡುತ್ತಿದ್ದ ದುರೋಜಾಯೆ ಉಬ್ಬಸದಿಂದ ತೀರಿಕೊಂಡ ಮೇಲೆ ಅವನ ಭಾರಿ ಕಂಪ್ಯೂಟರನ್ನು ಅವನ ಅಕ್ಕ ಅಬೇಕೆ ಮಾರಲು ತಂದಳು. ಹಾರ್ಡ್ ಡಿಸ್ಕ್ ಕಿತ್ತು ಅವಳ ಕೈಗೇ ಕೊಟ್ಟೆ. ಪರೀಕ್ಷೆಗೆಂದು ಪೆನ್‌ಡ್ರೈವ್‌ನಿಂದ ಒಂದು ಹಗುರ ಆಪರೇಟಿಂಗ್ ಸಿಸ್ಟಮ್ ಓಡಿಸಿದೆ. ಆ ಯಂತ್ರಕ್ಕೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಫ್ಯಾನು ಜೋರಾಗಿ ತಿರುಗಲೇಬಾರದಿತ್ತು. ತಿರುಗಿತು, ಗಾಳಿಯನ್ನು ಎರಡು ಸಲ ಎಳೆದು, ಒಮ್ಮೆ ತಡೆದು. ಯಂತ್ರದ ಹಿಂಬದಿಯಿಂದ ಬರುತ್ತಿದ್ದ ಗಾಳಿ ಬಿಸಿಯಿರದೆ ತಣ್ಣಗಿತ್ತು. ಪರದೆಯಲ್ಲಿ ನೋಡಿದರೆ ಮೆಮೊರಿ ಪೂರ್ತಿ ತುಂಬಿತ್ತು.

"ಅದ್ರೊಳಗೆ ಏನಿದೆ ಅಣ್ಣಾ?"

"ಏನೂ ಇಲ್ಲಮ್ಮಾ. ಉಪವಾಸ ಬಿದ್ದಿರೋ ಸಿಸ್ಟಮ್ಮು ಇದು."

ಆಗ ಯಂತ್ರದೊಳಗಿಂದ ಯಾರೋ "ಅಬೇಕೆ" ಎಂದು ಕರೆದರು. ಅದಕ್ಕೆ ಸ್ಪೀಕರೇ ಇರಲಿಲ್ಲ.

ಕರೆದವರು ಕಣ್ಣಿಗೆ ಕಾಣದಿದ್ದರೆ ನಮ್ಮಲ್ಲಿ ಓಗೊಡುವುದಿಲ್ಲ. ಮಾತು ಬರುವ ಮೊದಲೇ ತಾಯಂದಿರು ಕಲಿಸುವ ಪಾಠ ಅದು. ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿಯುವಷ್ಟರಲ್ಲಿ ಅಬೇಕೆ, "ಇಲ್ಲೇ ಇದೀನಿ ಕಣೋ" ಅಂದುಬಿಟ್ಟಳು.

ಫ್ಯಾನು ನಿಂತಿತು. ಮೆಮೊರಿ ಖಾಲಿಯಾಯಿತು.

"ಮಾರಿಬಿಡಿ ಅಣ್ಣಾ. ಈಗ ಅದ್ರೊಳಗೆ ಏನೂ ಇಲ್ಲ," ಎಂದು ಅವಳು ಎದ್ದಳು.

ಮೆಟ್ಟಿಲಿಳಿಯುವಾಗ ಅವಳ ಉಸಿರು ಕೆಳಗಿನವರೆಗೂ ಕೇಳಿಸುತ್ತಿತ್ತು. ಎರಡು ಸಲ ಎಳೆದು, ಒಮ್ಮೆ ತಡೆದು.