ಕುಂಟ ಟಗರಿನ ಖಾಲಿ ಮೊಳೆ

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು ಹೆಸ್ಟರ್. ಕೈಯಲ್ಲಿದ್ದ ತಟ್ಟೆ ವಾಲಿ ಬಟಾಣಿ ಒಂದೊಂದಾಗಿ ಕೆಳಗೆ ಉರುಳುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಸ್ಟಿಯರಿಂಗ್ ಹಿಂದೆ ಕೂತಿದ್ದವನು... ಸೈಲಸ್!

ನಾಲ್ಕು ವರ್ಷ! ಹೇಳದೆ ಕೇಳದೆ ಫೆರಿ ಹತ್ತಿ ದ್ವೀಪ ಬಿಟ್ಟುಹೋದವನು, ಈಗ ಅವಳದೇ ಪಬ್ಬಿನ ಅಂಗಳದಲ್ಲಿ ಪ್ರವಾಸಿ ಬಸ್ಸು ನಿಲ್ಲಿಸಿಕೊಂಡು ಕೂತಿದ್ದಾನೆ.

"ಡ್ರೈವರ್‌ಗೆ ಊಟ..." ಅಂದಳು. ಅಂದಮೇಲೆ ತನ್ನ ಮೇಲೇ ಸಿಟ್ಟು ಬಂತು. ಇಷ್ಟು ವರ್ಷ ಎದೆಯಲ್ಲಿ ಕೂಡಿಟ್ಟ ಮಾತಿನಲ್ಲಿ ಮೊದಲು ಹೊರಗೆ ಬರಬೇಕಾಗಿದ್ದು ಇದಾ?

"ನಾನು ಕೇಳಿರಲಿಲ್ಲ." ಅವನ ಕಣ್ಣು ಗಾಜಿನಾಚೆಗೇ ನೆಟ್ಟಿತ್ತು.

"ಡ್ರೈವರ್‌ಗಳಿಗೆ ನಮ್ಮಲ್ಲಿ ಊಟ ಪುಕ್ಕಟೆ. ಗೊತ್ತಿಲ್ವಾ ನಿಂಗೆ?"

"ಗೊತ್ತು. ಅದಕ್ಕಿಂತ ಜಾಸ್ತಿನೇ ಗೊತ್ತು. ಅದಕ್ಕೇ ಒಳಗೆ ಬರಲಿಲ್ಲ."

"ಹಾಗಾದ್ರೆ ಬಂದಿದ್ಯಾಕೆ?!"

"ನಾನಾಗಿ ಬಂದಿಲ್ಲ ಹೆಸ್ಟರ್. ನಾವು ಯಾವಾಗ್ಲೂ ಊಟಕ್ಕೆ ನಿಲ್ಲಿಸೋ ಕಡೆ ಇವತ್ತು ಒಲೆ ಕೆಟ್ಟಿದೆಯಂತೆ. ಆಫೀಸಿನವರು ಇಲ್ಲಿಗೇ ಹೋಗು ಅಂದ್ರು. ಇವರೆಲ್ಲ ತಿಂದು ಬರಲಿ, ಹೊರಟುಬಿಡ್ತೀನಿ."

ಹೊರಟುಬಿಡ್ತಾನಂತೆ! ಅದರಲ್ಲಂತೂ ಇವನು ಬಲು ನಿಸ್ಸೀಮ!

ತಟ್ಟೆಯನ್ನು ಮುಂದಿನ ಸೀಟಿನ ಮೇಲೆ ಕುಕ್ಕಿ ತಿರುಗಿ ನಡೆದಳು ಹೆಸ್ಟರ್. ಕಣ್ಣು ತುಂಬಿ ಅಂಗಳದ ಕಲ್ಲುಗಳೆಲ್ಲ ಮಸುಕಾದವು.

'ಕುಂಟ ಟಗರು' ಅಂದರೆ ವೈಟ್ ದ್ವೀಪದ ಪಶ್ಚಿಮದ ಕೊನೆಯಲ್ಲಿ ಚೆವರ್ಟನ್ ಮನೆಯವರು ಮೂರು ತಲೆಮಾರಿನಿಂದ ನಡೆಸಿಕೊಂಡು ಬಂದ ಪಬ್. ಬೋರ್ಡಿನ ಮೇಲಿನ ಟಗರು ನೋಡಿದರೆ ನಾಲ್ಕು ಕಾಲೂ ನೆಟ್ಟಗಿವೆ, ಅದೇಕೆ ಕುಂಟೋ ದೇವರೇ ಬಲ್ಲ. ಒಳಗೆ ಕೌಂಟರಿನ ಮೇಲಿನ ತೊಲೆಯಲ್ಲಿ ಸಾಲು ಮೊಳೆಗಳು, ಒಂದೊಂದು ಮೊಳೆಗೆ ಊರಿನ ಒಬ್ಬೊಬ್ಬರ ಬಿಯರ್ ಮಗ್. ಅಪ್ಪ ವಿಲ್ಫ್ರೆಡ್ ಬಿಯರ್ ನೋಡಿಕೊಂಡರೆ, ಅಮ್ಮ ಅಡುಗೆಮನೆ. ಹೆಸ್ಟರ್ ಉಳಿದದ್ದೆಲ್ಲ. ಅವಳ ತಮ್ಮ ಬಾರ್ನಬಿ ಮಾತ್ರ ಸಮುದ್ರದ ಹುಳ. ಗೆಳೆಯ ಸೈಲಸ್ ಜೊತೆ ಸೇರಿ ದೋಣಿ ಇಟ್ಟುಕೊಂಡು, ಕಡಲಿನಲ್ಲಿ ಎದ್ದು ನಿಂತ ಬಿಳಿ ಸುಣ್ಣದ ಬಂಡೆಗಳನ್ನು ಪ್ರವಾಸಿಗರಿಗೆ ತೋರಿಸಿಕೊಂಡು ಬರುತ್ತಿದ್ದ.

ಆ ಗೆಳೆಯ ಹೆಸ್ಟರಳ ಮನಸ್ಸು ಕದ್ದದ್ದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗೆ ಬಾರ್ನಬಿಯೇ ಹೇಳಿಕೊಂಡು ಬರುತ್ತಿದ್ದ!

ಆಮೇಲೆ ಬಂತು ಆ ಮಾರ್ಚ್ ಬೆಳಿಗ್ಗೆ. ಗಾಳಿ ಎದ್ದಿತ್ತು. ದೋಣಿಯ ಹಗ್ಗ ಬಿಗಿಯಬೇಕು ಅಂತ ಬಾರ್ನಬಿ ಮುಂದೆ ಹೋದ. ಸೈಲಸ್ ಹಿಂದೆಯೇ ಹೊರಟವನು, ಹೆಸ್ಟರ್ ಕರೆದಳೆಂದು ಅಡುಗೆಮನೆಯಲ್ಲಿ ನಿಂತ. ಇನ್ನೊಂದು ಕಪ್ ಟೀ, ಅಷ್ಟೇ. ಅವನು ಕೊಲ್ಲಿಗೆ ಇಳಿಯುವಷ್ಟರಲ್ಲಿ ದೋಣಿ ಬಂಡೆಗೆ ಬಡಿದಿತ್ತು... ಬಾರ್ನಬಿ ಇರಲಿಲ್ಲ.

ಅಲೆ ದಡಕ್ಕೆ ತಂದ ದೇಹವನ್ನು ಮಣ್ಣು ಮಾಡಿದ ಸಂಜೆ ಇಡೀ ಊರು ಪಬ್ಬಿನಲ್ಲಿ ತುಂಬಿತ್ತು. ಸೈಲಸ್ ಬಾಗಿಲ ತನಕ ಬಂದ, ಒಮ್ಮೆ ತಲೆಯೆತ್ತಿ ತೊಲೆಯ ಕಡೆ ನೋಡಿದ, ಹಾಗೇ ತಿರುಗಿಹೋದ. ಮರುದಿನದಿಂದ ಅವನ ಫೋನೂ ಸತ್ತಿತ್ತು.

'ನನ್ನ ಮುಖ ನೋಡೋಕಾಗದೆ ಹೋದ... ನಾನು ಅವತ್ತು ನಿಲ್ಲಿಸಿಕೊಳ್ಳದೆ ಇದ್ದಿದ್ರೆ ಗೆಳೆಯ ಬದುಕ್ತಿದ್ದ ಅಂತ ನನ್ನ ದ್ವೇಷಿಸಿದ.' ನಾಲ್ಕು ವರ್ಷ ಇದನ್ನೇ ನುಂಗಿಕೊಂಡು ಬದುಕಿದಳು ಹೆಸ್ಟರ್. ಆ ಕೊಲ್ಲಿಯ ಕಡೆ ಮತ್ತೆ ಕಾಲಿಡಲಿಲ್ಲ.

"ಬಸ್ಸಲ್ಲಿರೋದು ಆಟ್ರಿಲ್ ಮನೆ ಹುಡುಗ ಸೈಲಸ್ ಅಲ್ವೇನೆ?" ಕೌಂಟರಿಗೆ ಅಂಟಿಕೊಂಡೇ ಬೆಳೆದಂತಿದ್ದ ಮುದುಕ ಪರ್ಸಿ ಕೇಳಿದ. ಬಸ್ಸಿನ ಅಜ್ಜ ಅಜ್ಜಿಯರು ಸುತ್ತ ಗದ್ದಲವಾಗಿ ಪೈ ತಿನ್ನುತ್ತಿದ್ದರು. ಅಪ್ಪ ನೆಲಮಾಳಿಗೆಯಲ್ಲಿ ಪೀಪಾಯಿ ಬದಲಾಯಿಸುತ್ತಿದ್ದ.

"ಹೌದು. ಒಳಗೆ ಬರಲ್ವಂತೆ."

"ಊರಿಗೆ ಬಂದೋಳು ನೀರಿಗೆ ಬರ್ದೇ ಇರ್ತಾಳಾ? ಬರ್ತಾನೆ ಬಿಡು."

"ಬರೋದು ಬೇಡ ಪರ್ಸಿ! ನನ್ನನ್ನ ನಾಯಿಗಿಂತ ಕಡೆ ಮಾಡಿ ಬಿಟ್ಟುಹೋದವನು ಅವನು!"

"ಅದನ್ನ ನನಗ್ಯಾಕೆ ಹೇಳ್ತೀಯ? ನಾನೇನು ನಿನ್ನ ಮದುವೆ ಆಗ್ಬೇಕಿತ್ತಾ? ಹೋಗಿ ಅವನ ಮುಖಕ್ಕೆ ಹೇಳು!"

ಹೋದಳು! ಬಿರುಗಾಳಿಯ ಹಾಗೆ ಹೋದಳು.

"ಒಂದು ಮಾತು, ಒಂದೇ ಒಂದು ಮಾತು ಹೇಳಿ ಹೋಗೋಕೆ ಆಗ್ಲಿಲ್ವಾ ನಿಂಗೆ? ತಮ್ಮನ್ನ ಕಳ್ಕೊಂಡಿದ್ದೆ ಕಣೋ! ಅದೇ ವಾರ ನೀನೂ ಹೋದೆ!"

ಸೈಲಸ್ ಈಗ ಮುಖ ತಿರುಗಿಸಿದ. ಬಿಳಿಚಿಕೊಂಡಿದ್ದ.

"ಹೋಗು ಅಂದವರು ನೀವೇ ಹೆಸ್ಟರ್, ನಿಮ್ಮ ಮನೆಯವರು. ನನ್ನ ಮಗ್ ಇಳಿಸಿದ್ರಿ."

"ಏನು?"

"ಮೊಳೆ ಖಾಲಿ ಇತ್ತು. ನಿಮ್ಮ ಪಬ್ಬಿನಲ್ಲಿ ಬದುಕಿರೋವನ ಮಗ್ ಇಳಿಸಿದ್ರೆ ಏನರ್ಥ ಅಂತ ಚಿಕ್ಕ ಮಗುವಿಗೂ ಗೊತ್ತು. ಇನ್ನು ಈ ಹೊಸಿಲು ತುಳಿಬೇಡ ಅಂತ. ತಪ್ಪಲ್ಲ ಬಿಡು... ನಾನಾಗಿದ್ರೂ ಹಾಗೇ ಮಾಡ್ತಿದ್ದೆ."

ಹಾಗಲ್ಲ ಅನ್ನಲು ಹೆಸ್ಟರ್ ಬಾಯಿ ತೆರೆದಳು.

ಅಷ್ಟರಲ್ಲಿ ಅಜ್ಜ ಅಜ್ಜಿಯರ ದಂಡು ಬಂದೇಬಿಟ್ಟಿತು. "ಸರಿಯಮ್ಮ, ದಾರಿ ಬಿಡು! ಪೈ ಬಹಳ ಚೆನ್ನಾಗಿತ್ತು ಕಣೆ!" ಅವಳನ್ನು ಪಕ್ಕಕ್ಕೆ ಸರಿಸಿ ಒಬ್ಬೊಬ್ಬರಾಗಿ ಹತ್ತಿದರು. ಬಾಗಿಲು ಮುಚ್ಚಿತು. ಬಸ್ಸು ಹಿಂದೆ ಸರಿಯತೊಡಗಿತು.

'ಹೋಗ್ತಿದ್ದಾನೆ... ಮತ್ತೆ ಹೋಗ್ತಿದ್ದಾನೆ...'

ಅವಳಿಗೆ ಏನನ್ನಿಸಿತೋ! ಓಡಿಹೋಗಿ ಎರಡೂ ಅಂಗೈಯಿಂದ ಬಾಗಿಲು ಬಡಿದಳು. ಬಸ್ಸು ನಿಂತಿತು. ಏಪ್ರನ್ ಕಟ್ಟಿಕೊಂಡೇ ಹತ್ತಿದಳು ಹೆಸ್ಟರ್.

"ಎಲ್ಲಿಗೆ?" ಸೈಲಸ್ ಗಾಬರಿಯಾದ.

"ನೀನು ಹೋಗೋ ಕಡೆಗೆ. ನಡಿ!"

ಬಣ್ಣದ ಮರಳಿನ ಕೊಲ್ಲಿಗೆ ಹೋಗುವ ದಾರಿ ಅದು, ಬಾರ್ನಬಿಯನ್ನು ನುಂಗಿದ ಅದೇ ಕೊಲ್ಲಿಗೆ. ಅವಳು ಕಂಬಿ ಹಿಡಿದು ನಿಂತೇ ಮಾತಾಡಿದಳು. ಬಸ್ಸಿನಲ್ಲಿ ಕೆಮ್ಮುವವರೂ ಕೆಮ್ಮು ತಡೆದುಕೊಂಡು ಕೂತಿದ್ದರು.

"ನಮ್ಮಲ್ಲಿ ಯಾರಾದ್ರೂ ಸತ್ತರೆ ಅವರ ಮಗ್ ಅವರ ಜೊತೆಗೇ ಹೋಗುತ್ತೆ. ಅದೂ ಗೊತ್ತಲ್ವಾ ನಿಂಗೆ?"

"ಗೊತ್ತು."

"ಬಾರ್ನಬಿಗೆ ಮಗ್ ಎಲ್ಲಿತ್ತೋ? ಕ್ರಿಸ್‌ಮಸ್ ದಿನ ಕುಣಿಯೋಕೆ ಹೋಗಿ ಒಡೆದು ಹಾಕಿದ್ನಲ್ಲ! ಆಮೇಲೆ ನಿನ್ನದರಲ್ಲೇ ಕುಡೀತಿದ್ದ. ನೀನು ಒಂದು ಗುಟುಕು, ಅವನು ಒಂದು ಗುಟುಕು..."

ಸೈಲಸ್ ಬಸ್ಸನ್ನು ಬೇಲಿಯ ಪಕ್ಕಕ್ಕೆ ತಂದು ನಿಲ್ಲಿಸಿದ.

"ಬರಿಗೈಲಿ ಹೇಗೆ ಕಳಿಸ್ಲಿ ಸೈಲಸ್? ಪೆಟ್ಟಿಗೆ ಮುಚ್ಚೋಕೆ ಮುಂಚೆ ನಾನೇ ನಿನ್ನ ಮಗ್ ತಂದು ಅವನ ಕೈಯ ಹತ್ತಿರ ಇಟ್ಟೆ. ನಿನ್ನ ವಸ್ತು ಅಂದ್ರೆ ನನ್ನ ವಸ್ತು ಅಂದ್ಕೊಂಡಿದ್ದೆ. ಕೇಳ್ಬೇಕು ಅಂತ ಹೊಳೀಲೇ ಇಲ್ಲ ಕಣೋ..."

ಸೈಲಸ್ ಸ್ಟಿಯರಿಂಗ್ ಮೇಲೆ ತಲೆಯಿಟ್ಟುಬಿಟ್ಟ. ಗಂಡಸು ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ಪೈ ಹೊಗಳಿದ್ದ ಅಜ್ಜಿ ಎದ್ದು ಬಂದು ಕರವಸ್ತ್ರ ಕೊಟ್ಟಳು. "ನಿಧಾನ ಮಗೂ. ನಮಗೇನು ಅವಸರ ಇಲ್ಲ. ಬಣ್ಣದ ಮರಳು ಎಲ್ಲಿಗೂ ಓಡಿಹೋಗಲ್ಲ."

ಕೊಲ್ಲಿ ತಲುಪಿದಾಗ ಎಲ್ಲರೂ ಇಳಿದು, ಸೀಸೆಗೆ ಮರಳು ತುಂಬಿಸುವ ಅಂಗಡಿಯತ್ತ ಬೇಕೆಂದೇ ಬೇಗ ಬೇಗ ನಡೆದರು. ದಡದ ಅಂಚಿನ ಬೇಲಿಯ ಹತ್ತಿರ ಅವರಿಬ್ಬರೇ ಉಳಿದರು. ಕೆಳಗೆ ಸಮುದ್ರ, ಆಚೆ ಬಿಳಿ ಬಂಡೆಗಳು. ಹೆಸ್ಟರ್ ಹಲ್ಲು ಕಚ್ಚಿ ಅವುಗಳತ್ತ ನೋಡಿದಳು.

"ಆ ಟೀ ಕುಡಿದು ಹೋಗು ಅಂದವಳು ನಾನು," ಅಂದಳು. "ಅದಕ್ಕೇ ನನ್ನನ್ನ ಬಿಟ್ಟುಹೋದೆ ಅಂದ್ಕೊಂಡಿದ್ದೆ."

"ಕುಡಿದವನು ನಾನು ತಾನೇ? ಒಂದು ಮಾತು ಹೇಳ್ತೀನಿ, ಬೈಯಬೇಡ... ಆ ಹೊತ್ತು ನಾನು ಎಷ್ಟು ಸುಖವಾಗಿದ್ದೆ ಗೊತ್ತಾ? ನೀನು ಒಲೆ ಹತ್ತಿರ ನಿಂತು ನಗ್ತಿದ್ದೆ. ಅವನು ಇಲ್ಲಿ ಸಾಯ್ತಿದ್ದಾಗ ನಾನು ಸುಖವಾಗಿದ್ದೆ ಹೆಸ್ಟರ್! ಅದನ್ನ ಯಾರ ಹತ್ರ ಹೇಳ್ಕೊಳ್ಳಲಿ?"

"ನನ್ನ ಹತ್ರ," ಅಂದಳು ಹೆಸ್ಟರ್. "ನಾನೂ ಸುಖವಾಗಿದ್ದೆ. ಇದನ್ನ ನಾವಿಬ್ಬರೇ ಒಬ್ಬರಿಗೊಬ್ಬರು ಹೇಳ್ಕೋಬೋದಿತ್ತು ಸೈಲಸ್. ನಾಲ್ಕು ವರ್ಷ ಒಬ್ಬೊಬ್ಬರೇ ಸುಟ್ಟುಕೊಂಡ್ವಲ್ಲೋ..."

ಅವನು ಅವಳ ಕೈ ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ. ಹೋದ ವರ್ಷಗಳು ಅತ್ತರೂ ಬರುವುದಿಲ್ಲ, ಬಾರ್ನಬಿಯೂ ಬರುವುದಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು. ಅದಕ್ಕೇ ಸೇರಿ ಅತ್ತರು.

"ಇವರನ್ನೆಲ್ಲ ಫೆರಿ ದಾಟಿಸಿ ಮನೆ ಮುಟ್ಟಿಸಬೇಕು," ಕೊನೆಗೆ ಅಂದ ಸೈಲಸ್. "ಆಮೇಲೆ... ನಾನು ಬರಬಹುದಾ? ನಿನ್ನನ್ನ ಕೇಳೋ ಯೋಗ್ಯತೆ ಇಲ್ಲ ನನಗೆ. ಆದ್ರೂ ಪ್ರೀತಿ ಒಂದು ದಿನಾನೂ ಕಡಿಮೆ ಆಗ್ಲಿಲ್ಲ."

"ನನ್ನದು ಮಾತ್ರ ಕಡಿಮೆ ಆಗಿತ್ತು ಅಂದ್ಕೊಂಡ್ಯಾ, ದಡ್ಡ?"

ಅವನು ನಕ್ಕ, ಮರುಕ್ಷಣವೇ ಪಬ್ಬಿನ ದಾರಿಯತ್ತ ನೋಡಿದ. "ನಿಮ್ಮಪ್ಪ? ನನ್ನ ಮುಖ ನೋಡ್ತಾರಾ ಅವರು?"

"ನಿನ್ನ ಹೆಸರು ಎತ್ತಿದ್ರೆ ಸಾಕು, ಎದ್ದು ಹೊರಗೆ ಹೋಗ್ತಾರೆ."

ಸೈಲಸ್ ತಲೆ ತಗ್ಗಿಸಿದ. "ಅಷ್ಟು ಕೋಪಾನಾ?"

"ಕೋಪ ಅಲ್ವೋ..." ಹೆಸ್ಟರ್ ಅವನ ಗಲ್ಲ ಹಿಡಿದೆತ್ತಿದಳು. "ಅಳೋಕೆ ಹೋಗ್ತಾರೆ. ಒಬ್ಬ ಮಗ ಸತ್ತ, ಇನ್ನೊಬ್ಬ ಬಿಟ್ಟುಹೋದ ಅಂತ."

ಅವನು ಅಜ್ಜಿ ಕೊಟ್ಟ ಕರವಸ್ತ್ರದಿಂದ ಮತ್ತೆ ಕಣ್ಣೊರೆಸಿಕೊಂಡ.

"ನಾಳೆ ಮೊದಲನೇ ಫೆರಿಗೆ ಬರ್ತೀನಿ," ಅಂದ.

"ಬಾ. ಅವರನ್ನ 'ಅಪ್ಪ' ಅಂತ ಕರಿ," ಅಂದಳು ಅವಳು. "ಹಾಗೆ ಕರೆಯೋ ಗಂಡುದನಿ ಕೇಳಿ ನಾಲ್ಕು ವರ್ಷ ಆಯ್ತು ಅವರಿಗೆ."