ದೇವೀರಿ ಬಾಯಿ ಮುಚ್ಚಿದ ತಿಂಗಳು

"ಆಚೆಗೆ ತಕ್ಕೊಂಡೋಗು ಕಣವ್ವ. ಆ ವಾಸನೆಗೆ ಹೊಟ್ಟೆ ತೊಳಸ್ತದೆ," ಎಂದು ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು.

ಬಾಳೆಲೆಯಲ್ಲಿ ಮಲ್ಲಿಗೆ ಮೊಗ್ಗು ಹಿಡಿದಿದ್ದ ದೇವೀರಿ ಬಾಗಿಲಲ್ಲೇ ನಿಂತುಬಿಟ್ಟಳು. ಇವತ್ತು ಸ್ಕೂಲ್ ಡೇ. ಕೋಲಾಟಕ್ಕೆ ಮೊಗ್ಗಿನ ಜಡೆ ಹಾಕುತ್ತೇನೆ ಎಂದು ಅಮ್ಮನೇ ಹೇಳಿದ್ದಳು. ಈಗ ನೋಡಿದರೆ ಹಣೆಗೆ ಬಟ್ಟೆ ಬಿಗಿದುಕೊಂಡು, ಕಿಟಕಿಗೆ ಕಂಬಳಿ ಕಟ್ಟಿಸಿಕೊಂಡು ಮಲಗಿದ್ದಾಳೆ. ಅರ್ಧ ತಲೆಯನ್ನು ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಂತೆ. ಇನ್ನರ್ಧಕ್ಕೆ ಏನೂ ಆಗಿಲ್ಲವಂತೆ.

ದೇವೀರಿಗೆ ಅಳುವಿಗಿಂತ ಹೆಚ್ಚಾಗಿ ಮೋಸ ಹೋದ ಹಾಗಾಯಿತು. ಒಂದು ತಿಂಗಳಿಂದ ಅವಳು ಬಾಯಿ ಮುಚ್ಚಿಕೊಂಡೇ ಇದ್ದಳು.

ಅದೇನು ಸಾಮಾನ್ಯ ಬಾಯಿಯೆ? ಒಂಟಿಕೊಪ್ಪಲಿನಲ್ಲಿ ಅವಳು "ಅಮ್ಮಾ" ಅಂದರೆ ಬೆಟ್ಟದ ಮೇಲಿನ ಕಲ್ಲು ಬಸವ ಕಿವಿ ಅಲ್ಲಾಡಿಸುತ್ತಿತ್ತು. ಹೋದ ಸಲ ಅಮ್ಮನಿಗೆ ತಲೆ ನೋಯುವಾಗ ಅಜ್ಜಿ ಕೆಂಚಮ್ಮ, "ನಿನ್ ಗಂಟ್ಲಿಗೇ ಕಣೆ ಅವಳ ತಲೆ ಸೀಳೋದು," ಎಂದಿದ್ದಳು. ಅಜ್ಜಿ ಅಂದದ್ದು ತಮಾಷೆಗೆ. ದೇವೀರಿ ನಿಜವೆಂದುಕೊಂಡಳು. ಅಂದಿನಿಂದ ಬೆಕ್ಕಿನ ಹಾಗೆ ನಡೆದಳು. ಕುಂಟೆಬಿಲ್ಲೆ ಬಿಟ್ಟಳು. ಮಗ್ಗಿಯನ್ನು ತುಟಿಯಲ್ಲೇ ಹೇಳಿಕೊಂಡಳು. ಅಮ್ಮನ ಪಕ್ಕ ಕೂತರೆ ಎಲ್ಲಿ ಮಾತು ಜಾರುತ್ತದೋ ಎಂದು, ಅವಳು ರೊಟ್ಟಿ ತಟ್ಟುವುದನ್ನು ದೂರದಿಂದಲೇ ನೋಡುತ್ತಿದ್ದಳು. ಹೇಳಬೇಕಾದ ಮಾತೆಲ್ಲ ಹೊಟ್ಟೆಯಲ್ಲೇ ಗುಡ್ಡೆ ಬಿದ್ದಿತ್ತು.

ಆದರೂ ನೋವು ಬಂತು.

ಅಜ್ಜಿಯೇ ಎಳೆದಾಡಿ ಜಡೆ ಹಾಕಿದಳು. ಸ್ಕೂಲು ಮುಟ್ಟುವಷ್ಟರಲ್ಲಿ ಅರ್ಧ ಮೊಗ್ಗು ಬೀದಿ ಪಾಲಾಗಿತ್ತು. ಕೋಲಾಟದಲ್ಲಿ ದೇವೀರಿ, ಬಂದವರ ನಡುವೆ ಅಮ್ಮನ ಹಸಿರು ಸೀರೆ ಹುಡುಕುತ್ತ, ಪಕ್ಕದವಳ ಬೆರಳಿಗೇ ಕೋಲು ಹೊಡೆದಳು.

ಮನೆಗೆ ಬಂದರೆ, ಆಸ್ಪತ್ರೆಯ ನರ್ಸ್ ದಾಕ್ಷಾಯಣಮ್ಮ ಅಮ್ಮನನ್ನು ನೋಡಿ, ಅಜ್ಜಿಯ ಜೊತೆ ಜಗಲಿಯಲ್ಲಿ ಕೂತಿದ್ದರು. ದೇವೀರಿ ಅವರ ಕಿವಿಯ ಹತ್ತಿರ ಬಗ್ಗಿದಳು.

"ನಾನು ಇನ್ನೂ ಎಷ್ಟು ಮೆತ್ತಗೆ ಮಾತಾಡ್ಬೇಕು ನರ್ಸಮ್ಮ?"

ನರ್ಸಮ್ಮ ನಗಲಿಲ್ಲ. ನೋವು ಬಂದ ಮೇಲೆ ಸದ್ದು ಕೇಳಿದರೆ ಕಷ್ಟವಾಗುತ್ತದೆ, ಆದರೆ ನೋವು ತರುವುದು ನಿನ್ನ ಸದ್ದಲ್ಲ ಎಂದರು. ಹೆಂಗಸರ ಮೈಯೊಳಗೆ ತಿಂಗಳು ತಿಂಗಳೂ ಒಂದು ಏರಿಳಿತ ಇರುತ್ತದಂತೆ. ಮುಟ್ಟಾಗುವ ದಿನ ಹತ್ತಿರ ಬಂದಾಗ ಕೆಲವರಿಗೆ ಆ ಇಳಿತಕ್ಕೇ ತಲೆ ಸಿಡಿಯುತ್ತದಂತೆ. ಅಜ್ಜಿಯೂ ತಲೆದೂಗಿದಳು. ಅವಳಿಗೂ ಹಾಗೇ ಇತ್ತಂತೆ, ವಯಸ್ಸಾಗಿ ಮುಟ್ಟು ನಿಂತ ಮೇಲೆ ತಲೆನೋವೂ ಹೋಯಿತಂತೆ.

"ಅಲ್ಲೀಗಂಟ ನಾನು ನಿಮ್ಮಪ್ಪನ ಗಂಟ್ಲನ್ನೇ ಬಯ್ತಿದ್ದೆ ಕಣೆ," ಎಂದಳು.

ಮರುದಿನ ಅಮ್ಮ ಹೊರಗೆ ಕೂತಳು. ಮುಟ್ಟಾದಾಗ ಆ ಮನೆಯಲ್ಲಿ ಹಾಗೆಯೇ. ಹಿತ್ತಲ ಜಗಲಿಯ ಮೂಲೆಯಲ್ಲಿ ಬೇರೆ ಚಾಪೆ, ಬೇರೆ ಚೊಂಬು, ಯಾರೂ ಅವಳನ್ನು ಮುಟ್ಟುವ ಹಾಗಿಲ್ಲ. ತಲೆನೋವು ಇಳಿದಿತ್ತು. ಮುಖ ಮಾತ್ರ ಒಗೆದು ಹಿಂಡಿದ ಬಟ್ಟೆಯಾಗಿತ್ತು. ದೇವೀರಿ ಕೈಗೆಟುಕದಷ್ಟು ದೂರದಲ್ಲಿ ಕೂತಳು. ಅವಳು ತಿಂಗಳಿಡೀ ಬಾಯಿ ಮುಚ್ಚಿಕೊಂಡಿದ್ದು ಯಾಕೆಂದು ಅಜ್ಜಿ ಅಮ್ಮನಿಗೆ ಎಲ್ಲ ಹೇಳಿಬಿಟ್ಟಿದ್ದಳು.

"ನೀನು ಹೊಟ್ಟೇಲಿದ್ದಾಗ ಕೊನೆಕೊನೇಗೆ ತಲೆನೋವೇ ಬರ್ಲಿಲ್ಲ ಕಣವ್ವ," ಎಂದಳು ಅಮ್ಮ. "ಆ ನೆಮ್ಮದಿ ಇವತ್ಗೂ ಗ್ಯಾಪಕ ಬತ್ತದೆ."

ದೇವೀರಿ ಮುಂದಕ್ಕೆ ಬಗ್ಗಿ ಕೇಳಿದಳು.

"ಆಗ ನಾನು ಸುಮ್ಕಿದ್ನಾ?"

"ಎಲ್ಲಿ ಸುಮ್ಕಿದ್ದೆ? ಹಗಲೂ ರಾತ್ರಿ ಒದೀತಿದ್ದೆ."

ದೇವೀರಿಗೆ ಅಮ್ಮನ ಮಡಿಲಲ್ಲಿ ಮುಖ ಹುದುಗಿಸಬೇಕು ಅನ್ನಿಸಿತು. ಇವತ್ತು ಆಗುವುದಿಲ್ಲ. ನಾಳೆಯೂ ಆಗುವುದಿಲ್ಲ. ಅವಳು ಚಾಪೆಯ ಅಂಚಿನವರೆಗೆ ಸರಿದಳು. ಅಮ್ಮನ ನೆರಳು ಅವಳ ಮೊಣಕಾಲ ಮೇಲೆ ಬಿತ್ತು. ಅದನ್ನು ಅಲುಗಿಸದೆ ಕೂತು, ತನ್ನ ಮಾಮೂಲಿ ಗಂಟಲಲ್ಲೇ, "ಅಮ್ಮಾ, ನೆನ್ನೆ ಕೋಲಾಟದಲ್ಲಿ ಏನಾಯ್ತು ಗೊತ್ತಾ?" ಎಂದಳು.

ಅಮ್ಮ ಗೋಡೆಗೆ ಒರಗಿ, ಇವಳ ಮುಖವನ್ನೇ ನೋಡುತ್ತ, "ಹೇಳು," ಎಂದಳು.